ಉರಿಯುವುದು ಎಲೆಕ್ಟ್ರಾನ್, ಅಡಗಿರುವುದು ಪ್ರೋಟಾನ್?

2006ರ ಜುಲೈ 28ರ ಬೆಳಗಿನ ಜಾವ ನಮೀಬಿಯಾದ ಖೋಮಾಸ್ ಪ್ರಸ್ಥಭೂಮಿಯಲ್ಲಿ ‘ಹೆಸ್’ ಎಂಬ ನಾಲ್ಕು ದೂರದರ್ಶಕಗಳ ಕೂಟ ಆಕಾಶದ ಒಂದೇ ಬಿಂದುವನ್ನು ದಿಟ್ಟಿಸುತ್ತಿತ್ತು. ಆ ಬಿಂದುವಿನ ಹೆಸರು ಪಿಕೆಎಸ್ 2155-304. ಸುಮಾರು 150 ಕೋಟಿ ಜ್ಯೋತಿರ್ವರ್ಷ ಆಚೆಗಿನ ಗೆಲಾಕ್ಸಿಯೊಂದರ ನಡುಭಾಗ ಅದು. ಗಾಮಾ ಕಿರಣಗಳ ಖಗೋಳಶಾಸ್ತ್ರದಲ್ಲಿ ಪ್ರಖರತೆ ಅಳೆಯಲು ಏಡಿ ನೀಹಾರಿಕೆಯೇ ಮಾನದಂಡ. ಅದು ನಮ್ಮದೇ ಗೆಲಾಕ್ಸಿಯ ಒಳಗೆ, ನಮ್ಮ ನೆರೆಯಲ್ಲೇ ಇರುವ ವಸ್ತು. ಆ ರಾತ್ರಿ 150 ಕೋಟಿ ಜ್ಯೋತಿರ್ವರ್ಷ ದೂರದ ಆ ಬಿಂದು ಸರಾಸರಿ ಏಳು ಏಡಿ ನೀಹಾರಿಕೆಗಳಷ್ಟು ಬೆಳಗಿತು.

ವಿಜ್ಞಾನಿಗಳನ್ನು ಇದಕ್ಕಿಂತ ಹೆಚ್ಚು ತಬ್ಬಿಬ್ಬು ಮಾಡಿದ್ದು ಬೆಳಕು ಏರಿಳಿದ ವೇಗ. ಒಂದು ಏರಿಕೆಗೆ ಹಿಡಿದದ್ದು ಬರೀ ಮೂರು ನಿಮಿಷ. ಒಂದೂವರೆ ಗಂಟೆಯ ವೀಕ್ಷಣೆಯಲ್ಲಿ ಇಂಥ ಏರಿಳಿತಗಳು ಸಾಲುಗಟ್ಟಿ ಬಂದವು.

ಮೂರು ನಿಮಿಷ ಎಂಬುದು ಏಕೆ ಸಮಸ್ಯೆ? ಬೆಳಕಿಗಿಂತ ವೇಗವಾಗಿ ಯಾವ ಸುದ್ದಿಯೂ ಹರಡದು. ಹಾಗಾಗಿ ಒಂದು ಕಾಯ ಇಡಿಯಾಗಿ ಬೆಳಗಬೇಕಾದರೆ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಸಾಗುವಷ್ಟು ಹೊತ್ತಾದರೂ ಬೇಕು. ಇಂಥ ಗೆಲಾಕ್ಸಿಗಳ ನಡುವೆ ಕುಳಿತಿರುವ ಕಪ್ಪುಕುಳಿಯ ತೂಕ ನೂರು ಕೋಟಿ ಸೂರ್ಯರಷ್ಟು ಎಂದಿಟ್ಟುಕೊಂಡರೆ, ಅದರ ಅಂಚಿನ ತ್ರಿಜ್ಯವೇ ಸುಮಾರು 300 ಕೋಟಿ ಕಿಲೋಮೀಟರ್. ಅಷ್ಟು ದೂರ ದಾಟಲು ಬೆಳಕಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಬೇಕು. ಮೂರು ಗಂಟೆಯ ಯಂತ್ರ ಮೂರು ನಿಮಿಷದಲ್ಲಿ ಮಿನುಗಿದ್ದು ಹೇಗೆ?

ಉತ್ತರದ ಒಂದು ಭಾಗ ಕಾಲದ ಕುಗ್ಗುವಿಕೆಯಲ್ಲಿದೆ. ದೂರದ ಊರಿನಿಂದ ಮನೆಗೆ ನಡೆದು ಬರುತ್ತಿರುವವನೊಬ್ಬ ದಿನಕ್ಕೊಂದು ಕಾಗದ ಹಾಕುತ್ತಾನೆ ಅನ್ನಿ. ಅವನು ಹತ್ತಿರವಾಗುತ್ತಿರುವುದರಿಂದ ಮುಂದಿನ ಕಾಗದಕ್ಕೆ ಸಾಗಬೇಕಾದ ದಾರಿ ಕಡಿಮೆ. ಮನೆಯವರ ಕೈಗೆ ಕಾಗದಗಳು ದಿನಕ್ಕಿಂತ ಕಡಿಮೆ ಅಂತರದಲ್ಲಿ ಬಂದು ಬೀಳುತ್ತವೆ. ಅವನು ಅಂಚೆಯಷ್ಟೇ ವೇಗವಾಗಿ ನಡೆದರೆ ಕಂತೆಯೆಲ್ಲ ಒಟ್ಟಿಗೇ ಬಂದೀತು. ಆ ಗೆಲಾಕ್ಸಿಯಲ್ಲಿ ಹೊಳೆಯುತ್ತಿದ್ದ ಅನಿಲದ ತುಣುಕು ತನ್ನದೇ ಬೆಳಕನ್ನು ಹೀಗೆ ಬೆನ್ನಟ್ಟಿ ನಮ್ಮತ್ತ ಬರುತ್ತಿತ್ತು. ಮೂರು ನಿಮಿಷದ ಮಿನುಗನ್ನು ವಿವರಿಸಲು ಅದರ ವೇಗ ಬೆಳಕಿನ ವೇಗದ ಶೇ 99.98ರಷ್ಟು ಇರಬೇಕೆಂದು ಲೆಕ್ಕ ಹೇಳಿತು. ಅಷ್ಟು ವೇಗದಲ್ಲಿ ಬರುವ ವಸ್ತುವಿನ ಬೆಳಕು ಎಲ್ಲ ದಿಕ್ಕಿಗೂ ಹರಡದೆ ಮುಂದಕ್ಕೆ ಕಿರಿದಾದ ಕೋಲಾಗಿ ಸೇರಿಕೊಳ್ಳುತ್ತದೆ, ಸಾವಿರಾರು ಪಟ್ಟು ಪ್ರಖರವಾಗುತ್ತದೆ. ಉಳಿದ ಭಾಗದ ಉತ್ತರ ಇನ್ನೂ ಚರ್ಚೆಯಲ್ಲಿದೆ.

ಇಂಥ ಗೆಲಾಕ್ಸಿಗಳೇ ಬ್ಲೇಜಾರ್‌ಗಳು. ನಡುವಿನ ಕಪ್ಪುಕುಳಿ ಸುತ್ತಲಿನ ಅನಿಲವನ್ನು ಎಳೆದುಕೊಳ್ಳುವಾಗ ಒಂದಿಷ್ಟು ದ್ರವ್ಯ ಒಳಗೆ ಬೀಳದೆ, ಕಾಂತಕ್ಷೇತ್ರಕ್ಕೆ ಸಿಕ್ಕಿ, ಎರಡು ಧ್ರುವಗಳಿಂದ ಧಾರೆಯಾಗಿ ಚಿಮ್ಮುತ್ತದೆ. ಈ ಜೆಟ್‌ಗೆ ಶಕ್ತಿ ಕೊಡುವುದು ತಿರುಗುವ ಕಪ್ಪುಕುಳಿಯ ಆವರ್ತನೆಯೇ ಇರಬಹುದು ಎಂದು ರೋಜರ್ ಬ್ಲಾಂಡ್‌ಫರ್ಡ್ ಮತ್ತು ರೋಮನ್ ಜ್ನಾಯೆಕ್ 1977ರಲ್ಲಿ ತೋರಿಸಿದರು. ಜೆಟ್ ಉಳ್ಳ ಗೆಲಾಕ್ಸಿಗಳು ಎಷ್ಟೋ ಇವೆ. ಜೆಟ್‌ನ ಮೊನೆ ನೇರವಾಗಿ ನಮ್ಮತ್ತ ತಿರುಗಿದ್ದರೆ ಮಾತ್ರ ಅದು ಬ್ಲೇಜಾರ್. ಜರ್ಮನಿಯ ಕೂನೊ ಹೋಫ್‌ಮೈಸ್ಟರ್ 1929ರಲ್ಲಿ ಬಿಎಲ್ ಲ್ಯಾಸರ್ಟೆಯನ್ನು ಗುರುತಿಸಿದಾಗ, ಮಿನುಗುವ ಅದರ ರೀತಿ ನೋಡಿ ನಮ್ಮದೇ ಗೆಲಾಕ್ಸಿಯ ಚಂಚಲ ನಕ್ಷತ್ರವೆಂದು ಪಟ್ಟಿ ಮಾಡಿದ್ದರು. ಅದೇ ಜಾಗದಿಂದ ಪ್ರಬಲ ರೇಡಿಯೊ ಅಲೆಗಳು ಬರುತ್ತಿವೆ ಎಂದು ಗೊತ್ತಾದದ್ದು 1968ರಲ್ಲಿ.

ಇಂದು ಫರ್ಮಿ ಉಪಗ್ರಹದ ದೂರದರ್ಶಕ ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ಗಾಮಾ ಕಿರಣದಲ್ಲಿ ಗುಡಿಸುತ್ತದೆ. 2008ರಲ್ಲಿ ಮೇಲೇರಿದ ಅದು ಕಂಡ ಆಕರಗಳಲ್ಲಿ ಅರ್ಧಕ್ಕೂ ಹೆಚ್ಚು ಬ್ಲೇಜಾರ್‌ಗಳೇ. ನೆಲದ ಮೇಲಿನ ಹೆಸ್‌ನಂಥ ದೂರದರ್ಶಕಗಳು ಗಾಮಾ ಕಿರಣವನ್ನು ನೇರವಾಗಿ ಕಾಣುವುದಿಲ್ಲ. ಅದು ವಾಯುಮಂಡಲಕ್ಕೆ ಬಡಿದಾಗ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಸರಣಿ ಸೋನೆ ಹುಟ್ಟುತ್ತದೆ. ಈ ಸೋನೆಯ ಸಿದ್ಧಾಂತವನ್ನು ವಾಲ್ಟರ್ ಹೈಟ್ಲರ್ ಜೊತೆಗೂಡಿ 1937ರಲ್ಲಿ ಕಟ್ಟಿಕೊಟ್ಟವರು ಹೋಮಿ ಭಾಭಾ. ಅದಾಗಿ ಕೆಲವೇ ವರ್ಷಗಳಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ವಿಶ್ವಕಿರಣಗಳ ಅಧ್ಯಯನ ಮುಂದುವರಿಸಿದರು. ಸೋನೆಯ ಕಣಗಳು ಗಾಳಿಯಲ್ಲಿ ಸೆಕೆಂಡಿನ ಕೋಟಿಯ ಭಾಗಕ್ಕಿಂತಲೂ ಕಡಿಮೆ ಹೊತ್ತು ಬೆಳಗುವ ನೀಲಿ ಮಿಂಚನ್ನು ಹೊಮ್ಮಿಸುತ್ತವೆ. ಅದೇ ಚೆರೆಂಕೋವ್ ಬೆಳಕು. ಹೆಸ್ ಕಾಣುವುದು ಅದನ್ನು.

ಭುಗಿಲು ಎದ್ದಾಗ ಅಲ್ಲಿ ಉರಿಯುತ್ತಿರುವುದು ಏನು ಎಂಬುದೇ ಐದು ದಶಕಗಳಿಂದ ಖಗೋಳ ಭೌತವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ.

ಬ್ಲೇಜಾರ್‌ನ ಬೆಳಕನ್ನು ರೇಡಿಯೊದಿಂದ ಗಾಮಾವರೆಗೆ ಒಂದೇ ನಕ್ಷೆಯಲ್ಲಿ ಇಟ್ಟರೆ ಎರಡು ಗುಡ್ಡಗಳು ಕಾಣುತ್ತವೆ. ಮೊದಲ ಗುಡ್ಡದ ಬಗ್ಗೆ ತಕರಾರಿಲ್ಲ. ಬೆಳಕಿನ ವೇಗದ ಅಂಚಿನಲ್ಲಿರುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಹೊಮ್ಮಿಸುವ ಸಿಂಕ್ರೊಟ್ರಾನ್ ಬೆಳಕು ಅದು. ಜಗಳವಿರುವುದು ಎರಡನೆಯ, ಗಾಮಾ ಕಿರಣದ ಗುಡ್ಡದ ಬಗ್ಗೆ. ಒಂದು ಪಕ್ಷದ ಪ್ರಕಾರ ಅದೂ ಎಲೆಕ್ಟ್ರಾನ್‌ಗಳದೇ ಕೆಲಸ: ತಾವೇ ಹೊಮ್ಮಿಸಿದ ಬೆಳಕಿನ ಕಣಗಳಿಗೆ ಡಿಕ್ಕಿ ಹೊಡೆದು ಅವುಗಳ ಶಕ್ತಿಯನ್ನು ಕೋಟಿಗಟ್ಟಲೆ ಪಟ್ಟು ಏರಿಸುತ್ತವೆ. ಇನ್ನೊಂದು ಪಕ್ಷ ಪ್ರೋಟಾನ್‌ಗಳತ್ತ ಬೆರಳು ತೋರಿಸುತ್ತದೆ. ಎಲೆಕ್ಟ್ರಾನ್‌ಗಿಂತ 1,836 ಪಟ್ಟು ಭಾರವಾದ ಪ್ರೋಟಾನ್ ಬೆಳಕಿನ ಕಣಕ್ಕೆ ಅಪ್ಪಳಿಸಿದರೆ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟುತ್ತದೆ. ವಿದ್ಯುದಂಶವಿಲ್ಲದ ಪಯಾನ್ ಒಡೆದು ಎರಡು ಗಾಮಾ ಕಿರಣವಾಗುತ್ತದೆ. ವಿದ್ಯುದಂಶವಿರುವ ಪಯಾನ್ ಮ್ಯೂಯಾನ್ ಆಗಿ, ಮ್ಯೂಯಾನ್ ಎಲೆಕ್ಟ್ರಾನ್ ಆಗುವ ದಾರಿಯಲ್ಲಿ ನ್ಯೂಟ್ರಿನೊಗಳನ್ನು ಉದುರಿಸುತ್ತದೆ.

ಇದು ಪಂಡಿತರ ಒಳಜಗಳವೆಂದು ತಳ್ಳಿಹಾಕುವ ಹಾಗಿಲ್ಲ. ವಿಕ್ಟರ್ ಹೆಸ್ 1912ರ ಆಗಸ್ಟ್‌ನಲ್ಲಿ ಬಲೂನಿನಲ್ಲಿ ಐದು ಸಾವಿರ ಮೀಟರ್‌ಗೂ ಮೇಲೇರಿ, ಆಕಾಶದಿಂದ ಒಂದು ವಿಕಿರಣ ಸದಾ ಸುರಿಯುತ್ತಿದೆ ಎಂದು ಕಂಡುಕೊಂಡ. ನಮೀಬಿಯಾದ ದೂರದರ್ಶಕಗಳಿಗೆ ಅವನದೇ ಹೆಸರು. ಆ ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. 1991ರಲ್ಲಿ ಅಮೆರಿಕದ ಯೂಟಾದ ಮೇಲೆ ಬಿದ್ದ ಒಂದು ಕಣಕ್ಕೆ, ವೇಗವಾಗಿ ಎಸೆದ ಚೆಂಡಿಗಿರುವಷ್ಟು, ಐವತ್ತು ಜೌಲ್‌ನಷ್ಟು ಶಕ್ತಿ ಇತ್ತು. ಬರಿಗಣ್ಣಿಗಿರಲಿ, ಸೂಕ್ಷ್ಮದರ್ಶಕಕ್ಕೂ ಕಾಣದ ಒಂದೇ ಒಂದು ಕಣಕ್ಕೆ! ಇಂಥ ಕಣಗಳನ್ನು ಅಷ್ಟು ವೇಗಕ್ಕೆ ಏರಿಸುವ ಜಾಗ ಯಾವುದು ಎಂಬುದು ನೂರು ವರ್ಷ ದಾಟಿದ ಪ್ರಶ್ನೆ. ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಬಾಗಿಸುವುದರಿಂದ ವಿಶ್ವಕಿರಣ ಬಂದ ದಿಕ್ಕು ಅದು ಹೊರಟ ಊರನ್ನು ಹೇಳುವುದಿಲ್ಲ. ತೀವ್ರ ಶಕ್ತಿಯ ಗಾಮಾ ಕಿರಣಗಳು ದಾರಿಯಲ್ಲೇ ನಕ್ಷತ್ರಗಳ ಹಳೆಯ ಬೆಳಕಿಗೆ ಸಿಕ್ಕಿ ಇಲ್ಲವಾಗುತ್ತವೆ. ನೇರವಾಗಿ ಬರಬಲ್ಲದ್ದು ವಿದ್ಯುದಂಶವಿಲ್ಲದ, ಯಾವುದಕ್ಕೂ ಸುಲಭವಾಗಿ ಸಿಕ್ಕಿಬೀಳದ ನ್ಯೂಟ್ರಿನೊ ಮಾತ್ರ. ಬ್ಲೇಜಾರ್‌ನಿಂದ ನ್ಯೂಟ್ರಿನೊ ಬಂದರೆ ಅಲ್ಲಿ ಪ್ರೋಟಾನ್ ಓಡುತ್ತಿದೆ ಎಂದೇ ಅರ್ಥ. ಎಲೆಕ್ಟ್ರಾನ್‌ಗಳು ಎಷ್ಟೇ ಕುಣಿದರೂ ಇಂಥ ನ್ಯೂಟ್ರಿನೊ ಹುಟ್ಟದು.

ಪಯಾನ್, ಮ್ಯೂಯಾನ್, ನ್ಯೂಟ್ರಿನೊಗಳ ಈ ವಂಶಾವಳಿಯನ್ನು ನಮ್ಮ ಕೋಲಾರದ ಚಿನ್ನದ ಗಣಿ ಚೆನ್ನಾಗಿ ಬಲ್ಲದು. ವಿಶ್ವಕಿರಣಗಳು ನಮ್ಮ ತಲೆಯ ಮೇಲಿನ ಗಾಳಿಗೆ ಬಡಿದಾಗಲೂ ಇದೇ ಕಣಗಳು ಇದೇ ಕ್ರಮದಲ್ಲಿ ಹುಟ್ಟುತ್ತವೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೊಗಳನ್ನು ಹಿಡಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡೆರಿಕ್ ರೈನ್ಸ್ ತಂಡವೂ ಅದೇ ವರ್ಷ ಅದನ್ನೇ ಕಂಡಿತು. ಕೋಲಾರದ ತಂಡದಲ್ಲಿ ಎಂ.ಜಿ.ಕೆ. ಮೆನನ್ ಜೊತೆ ಇದ್ದವರು ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್. ಅವರು 1950ರ ದಶಕದಿಂದಲೇ ಆ ಗಣಿಗೆ ಇಳಿದು ಕಣಗಳನ್ನು ಎಣಿಸುತ್ತಿದ್ದವರು. ಎರಡು ಕಿಲೋಮೀಟರ್ ಬಂಡೆ ತಲೆಯ ಮೇಲಿದ್ದಾಗ ಮಾಮೂಲಿ ಮ್ಯೂಯಾನ್ ಮೇಲಿನಿಂದ ಮಾತ್ರ ಬರಬಲ್ಲದು. ಅಡ್ಡಡ್ಡಲಾಗಿ ಬಂದ ಮ್ಯೂಯಾನ್ ಬಂಡೆಯೊಳಗೇ ನ್ಯೂಟ್ರಿನೊ ಹುಟ್ಟಿಸಿದ್ದಾಗಿರಬೇಕು. ಆ ತರ್ಕ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ಬಲೆಯ ಗಾತ್ರ. ನಾವು ಕೋಲಾರವನ್ನು ಚಿನ್ನಕ್ಕಾಗಿ ನೆನೆಯುವಷ್ಟು ಇದಕ್ಕಾಗಿ ನೆನೆಯುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ದಕ್ಷಿಣ ಧ್ರುವದ ಐಸ್‌ಕ್ಯೂಬ್ ಆ ದೊಡ್ಡ ಬಲೆ. ಹಿಮದಲ್ಲಿ 86 ಕುಳಿ ಕೊರೆದು, 1,450 ಮೀಟರ್‌ನಿಂದ 2,450 ಮೀಟರ್‌ವರೆಗಿನ ಆಳದಲ್ಲಿ 5,160 ಬೆಳಕಿನ ಸಂವೇದಕಗಳನ್ನು ಇಳಿಬಿಟ್ಟಿದ್ದಾರೆ. ಒಂದು ಘನ ಕಿಲೋಮೀಟರ್ ತಿಳಿಹಿಮವೇ ಅದರ ಕಣ್ಣು. 2017ರ ಸೆಪ್ಟೆಂಬರ್ 23ರ ನಸುಕು 2 ಗಂಟೆ 24 ನಿಮಿಷಕ್ಕೆ (ನಮ್ಮ ಗಡಿಯಾರದಲ್ಲಿ) ಆ ಹಿಮವನ್ನು ಒಂದು ಮ್ಯೂಯಾನ್ ಹೆಚ್ಚುಕಡಿಮೆ ಅಡ್ಡಡ್ಡಲಾಗಿ, ದಿಗಂತಕ್ಕಿಂತ 5.7 ಡಿಗ್ರಿ ಕೆಳಗಿನಿಂದ ಸೀಳಿಕೊಂಡು ಹೋಯಿತು. ಅದನ್ನು ಹುಟ್ಟಿಸಿದ ನ್ಯೂಟ್ರಿನೊ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಭೂಮಿಯ ಒಡಲಲ್ಲೇ ಸಾಗಿ ಬಂದಿತ್ತು. ಅದರ ಶಕ್ತಿ ಸುಮಾರು 290 ಟೆರಾ ಎಲೆಕ್ಟ್ರಾನ್ ವೋಲ್ಟ್. ಜಿನೀವಾದ ಎಲ್‌ಎಚ್‌ಸಿ ಯಂತ್ರ ಆಗ ಒಂದು ಪ್ರೋಟಾನ್‌ಗೆ ಕೊಡುತ್ತಿದ್ದ ಶಕ್ತಿ 6.5 ಟೆರಾ. ಪಯಾನ್‌ಗಳ ಲೆಕ್ಕದಲ್ಲಿ ನ್ಯೂಟ್ರಿನೊಗೆ ದಕ್ಕುವುದು ಮೂಲ ಪ್ರೋಟಾನ್‌ನ ಶಕ್ತಿಯ ಇಪ್ಪತ್ತನೇ ಒಂದು ಪಾಲು. ಅಂದರೆ ಅದರ ತಾಯಿ ಪ್ರೋಟಾನ್ ಎಲ್‌ಎಚ್‌ಸಿ ಪ್ರೋಟಾನ್‌ಗಿಂತ ಹೆಚ್ಚೂಕಡಿಮೆ ಸಾವಿರ ಪಟ್ಟು ಬಲಶಾಲಿ.

43 ಸೆಕೆಂಡಿನಲ್ಲಿ ಎಚ್ಚರಿಕೆಯ ಸಂದೇಶ ಜಗತ್ತಿನ ವೀಕ್ಷಣಾಲಯಗಳಿಗೆ ಹೊರಟಿತು. ಕೆಲವು ದಿನಗಳಲ್ಲಿ ಹಿರೋಶಿಮಾದ ಯಾಸುಯುಕಿ ತನಾಕಾ, ಆ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಇದೆಯೆಂದೂ ಫರ್ಮಿಯ ದಾಖಲೆಯಲ್ಲಿ ಅದು ಭುಗಿಲೆದ್ದಿದೆಯೆಂದೂ ಗಮನಿಸಿದರು. ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲ ಬಳಿ ಇದೆ. ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಅದರಿಂದ 0.4 ಟೆರಾ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಗಾಮಾ ಕಿರಣ ಹಿಡಿದವು. ಅದು ಎಷ್ಟು ದೂರದಲ್ಲಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಇಟಲಿಯ ಸಿಮೋನಾ ಪಯಾನೊ ತಂಡ 10.4 ಮೀಟರ್ ದೂರದರ್ಶಕದಲ್ಲಿ ಅದರ ಮಸುಕು ವರ್ಣರೇಖೆಗಳನ್ನು ಹುಡುಕಿ ತೆಗೆದ ಮೇಲೆ ಲೆಕ್ಕ ಸಿಕ್ಕಿತು. ಆ ನ್ಯೂಟ್ರಿನೊ ಹೊರಟು ಸುಮಾರು 380 ಕೋಟಿ ವರ್ಷವಾಗಿತ್ತು. ಭೂಮಿ ಆಗಿನ್ನೂ ಎಳೆಯ ಗ್ರಹ.

2018ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ವಿಶ್ವಕಿರಣಗಳ ತವರು ಸಿಕ್ಕಿತು ಎಂಬಂತೆ ಸಂಭ್ರಮ ಎದ್ದಿತು. ಸಂಭ್ರಮಕ್ಕೆ ಕಾರಣವಿತ್ತು: ಇದು ಕಾಕತಾಳೀಯ ಆಗಿರುವ ಸಂಭವ ಸಾವಿರಕ್ಕೆ ಒಂದರ ಆಸುಪಾಸು. ಆದರೆ ಅದೇ ಸಂಚಿಕೆಯ ಎರಡನೆಯ ಲೇಖನದಲ್ಲಿ ಮುಳ್ಳೊಂದು ಇತ್ತು, ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಅದು. ಐಸ್‌ಕ್ಯೂಬ್ ತಂಡ ತನ್ನ ಒಂಬತ್ತೂವರೆ ವರ್ಷದ ಹಳೆಯ ದಾಖಲೆಗಳನ್ನು ಮಗುಚಿ ಹಾಕಿತು. ಅದೇ ಬ್ಲೇಜಾರ್‌ನ ದಿಕ್ಕಿನಿಂದ 2014ರ ಸೆಪ್ಟೆಂಬರ್‌ನಿಂದ 2015ರ ಮಾರ್ಚ್‌ವರೆಗೆ ನಿರೀಕ್ಷೆಗಿಂತ ಸುಮಾರು 13 ನ್ಯೂಟ್ರಿನೊಗಳು ಹೆಚ್ಚಾಗಿ ಬಂದಿದ್ದವು. ಆ ತಿಂಗಳುಗಳಲ್ಲಿ ಫರ್ಮಿಯ ಕಣ್ಣಿಗೆ ಬ್ಲೇಜಾರ್ ತಣ್ಣಗಿತ್ತು. ಭುಗಿಲು ಇರಲಿಲ್ಲ.

ಗಾಮಾ ಭುಗಿಲೆದ್ದಾಗ ಒಂದೇ ಒಂದು ನ್ಯೂಟ್ರಿನೊ, ತಣ್ಣಗಿದ್ದಾಗ ಹದಿಮೂರು. ಭುಗಿಲನ್ನು ಪ್ರೋಟಾನ್‌ಗಳೇ ಎಬ್ಬಿಸುತ್ತವೆ ಎಂದಾದರೆ ಈ ಲೆಕ್ಕ ತಲೆಕೆಳಗು.

ಸಿದ್ಧಾಂತಿಗಳು ಎರಡನ್ನೂ ಹೊಂದಿಸಲು ಪಟ್ಟ ಪಾಡು ದೊಡ್ಡದು. ಪ್ರೋಟಾನ್‌ಗಳು ನ್ಯೂಟ್ರಿನೊ ಹುಟ್ಟಿಸುವಾಗ ಅದೇ ಪ್ರಮಾಣದ ಗಾಮಾ ಕಿರಣಗಳೂ ಹುಟ್ಟಲೇಬೇಕು. ಅವು ಆಕರದೊಳಗೇ ಒಡೆದು, ಸರಣಿಯಾಗಿ ಇಳಿದು, ಎಕ್ಸ್‌ರೇ ಆಗಿ ಹೊರಬರುತ್ತವೆ. 2017ರಲ್ಲಿ ಅಳೆದ ಎಕ್ಸ್‌ರೇ ತೀರ ಮಂದವಾಗಿತ್ತು. ಪ್ರೋಟಾನ್‌ಗಳಿಗೆ ಹೆಚ್ಚು ಪಾಲು ಕೊಟ್ಟರೆ ಆ ಮಿತಿ ಮುರಿಯುತ್ತದೆ. ಹೀಗಾಗಿ ಹಲವು ತಂಡಗಳು ಒಂದೇ ತೀರ್ಮಾನಕ್ಕೆ ಬಂದವು: ನಾವು ಕಂಡ ಬೆಳಕಿನ ಬಹುಪಾಲು ಎಲೆಕ್ಟ್ರಾನ್‌ಗಳದು, ಪ್ರೋಟಾನ್‌ಗಳು ಅದರ ಹಿಂದೆ ಸದ್ದಿಲ್ಲದೆ ಓಡುತ್ತಿವೆ.

ಪ್ರೋಟಾನ್‌ಗಳು ಅಲ್ಲಿ ಇರಬಹುದು ಅನ್ನಿಸುವುದಕ್ಕೆ ಹಳೆಯ ಸೂಚನೆಯೂ ಇತ್ತು. 2002ರ ಜೂನ್ 4ರಂದು ಅರಿಜೋನಾದ ವ್ಹಿಪಲ್ ದೂರದರ್ಶಕ 1ಇಎಸ್ 1959+650 ಎಂಬ ಬ್ಲೇಜಾರ್‌ನಲ್ಲಿ ಗಾಮಾ ಭುಗಿಲು ಕಂಡಿತು. ಎಕ್ಸ್‌ರೇ ಜೊತೆಗೆ ಏಳಲಿಲ್ಲ. ಎಲೆಕ್ಟ್ರಾನ್‌ಗಳೇ ಎರಡನ್ನೂ ಹೊಮ್ಮಿಸುವುದಾದರೆ ಎರಡೂ ಒಟ್ಟಿಗೆ ಏರಬೇಕು, ಮಾರ್ಕೇರಿಯನ್ 421 ಎಂಬ ಬ್ಲೇಜಾರ್‌ನಲ್ಲಿ ಸಾಮಾನ್ಯವಾಗಿ ಆಗುವ ಹಾಗೆ. ಐಸ್‌ಕ್ಯೂಬ್‌ಗೆ ಮುಂಚೆ ಅಲ್ಲಿದ್ದ ಅಮಾಂಡಾ ಉಪಕರಣದಲ್ಲಿ ಆ ಸುಮಾರಿಗೆ ಅದೇ ದಿಕ್ಕಿನ ಕೆಲವು ನ್ಯೂಟ್ರಿನೊ ಗುರುತುಗಳು ಸಿಕ್ಕವು. ಇಂಥ ಹುಡುಕಾಟವನ್ನು ಮೊದಲೇ ಯೋಜಿಸದೆ ಆಮೇಲೆ ಕಂಡದ್ದಾದ್ದರಿಂದ ಅದನ್ನು ಸಾಕ್ಷ್ಯವೆಂದು ಯಾರೂ ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ.

ಒಟ್ಟಾರೆ ಲೆಕ್ಕವೂ ಬ್ಲೇಜಾರ್‌ಗಳ ಪರವಾಗಿಲ್ಲ. ಫರ್ಮಿ ಪಟ್ಟಿಯ ಬ್ಲೇಜಾರ್‌ಗಳೆಲ್ಲ ಸೇರಿದರೂ ಐಸ್‌ಕ್ಯೂಬ್ ಕಾಣುವ ಬಾಹ್ಯಾಕಾಶದ ನ್ಯೂಟ್ರಿನೊ ಹೊನಲಿನಲ್ಲಿ ಹೆಚ್ಚೆಂದರೆ ಶೇ 27 ಪಾಲು ಎಂದು ಅದೇ ತಂಡ 2017ರಲ್ಲಿ ಅಂದಾಜಿಸಿತ್ತು. 2022ರಲ್ಲಿ ಇನ್ನೂ ಗಟ್ಟಿಯಾದ ಆಕರವೊಂದು ಹೊರಬಿತ್ತು: ಎನ್‌ಜಿಸಿ 1068 ಎಂಬ ಗೆಲಾಕ್ಸಿ. ಹತ್ತು ವರ್ಷಗಳ ದಾಖಲೆಯಲ್ಲಿ ಸುಮಾರು 79 ಹೆಚ್ಚುವರಿ ನ್ಯೂಟ್ರಿನೊಗಳು. ಅದು ಬ್ಲೇಜಾರ್ ಅಲ್ಲ, ನಮ್ಮತ್ತ ಜೆಟ್ ತಿರುಗಿಸಿಲ್ಲ. ಅಷ್ಟು ನ್ಯೂಟ್ರಿನೊಗಳಿಗೆ ಸರಿಸಮನಾದ ಗಾಮಾ ಕಿರಣವೂ ಅಲ್ಲಿಲ್ಲ. ಕಪ್ಪುಕುಳಿಯ ಸುತ್ತ ದಟ್ಟವಾಗಿ ಮುತ್ತಿರುವ ಅನಿಲ ಮತ್ತು ಎಕ್ಸ್‌ರೇಗಳು ಗಾಮಾ ಕಿರಣವನ್ನು ನುಂಗಿಬಿಡುತ್ತವೆ ಎಂಬುದು ಇಂದಿನ ವಿವರಣೆ. ಇದರಲ್ಲಿ ಒಂದು ಕಠಿಣ ಸತ್ಯವಿದೆ. ನ್ಯೂಟ್ರಿನೊ ಹುಟ್ಟಲು ಪ್ರೋಟಾನ್‌ಗೆ ಢಿಕ್ಕಿ ಹೊಡೆಯಲು ಬೇಕಾದಷ್ಟು ಬೆಳಕಿನ ಕಣಗಳು ಬೇಕು. ಅಷ್ಟು ಬೆಳಕು ತುಂಬಿದ ಜಾಗದಿಂದ ಗಾಮಾ ಕಿರಣ ಸುಲಭವಾಗಿ ಪಾರಾಗದು. ಗಾಮಾದಲ್ಲಿ ಉಜ್ವಲವಾಗಿ ಕಾಣುವ ಜಾಗ ತೆಳುವಾಗಿರುವುದರಿಂದಲೇ ಉಜ್ವಲ. ಹಾಗಾದರೆ ದೊಡ್ಡ ಭುಗಿಲನ್ನೇ ನೋಡುತ್ತಾ ಪ್ರೋಟಾನ್ ಹುಡುಕುವವರು ತಪ್ಪು ಹೊತ್ತಿನಲ್ಲಿ ಹುಡುಕುತ್ತಿರಬಹುದು.

ಎಲೆಕ್ಟ್ರಾನ್ ಪಕ್ಷಕ್ಕೆ ಈಚೆಗೆ ಇನ್ನೊಂದು ಬಲ ಬಂದಿದೆ, ಅದು ಬೆಳಕಿನ ಧ್ರುವೀಕರಣದಿಂದ. ನಾಸಾದ ಐಎಕ್ಸ್‌ಪಿಇ ಉಪಗ್ರಹ ಎಕ್ಸ್‌ರೇಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಎಂದು ಅಳೆಯುತ್ತದೆ. 2022ರ ಮಾರ್ಚ್‌ನಲ್ಲಿ ಮಾರ್ಕೇರಿಯನ್ 501 ಎಂಬ ಬ್ಲೇಜಾರ್‌ನ ಎಕ್ಸ್‌ರೇಗಳಲ್ಲಿ ಶೇ 10ರಷ್ಟು ಧ್ರುವೀಕರಣ ಕಂಡಿತು. ಗೋಚರ ಬೆಳಕಿನಲ್ಲಿ ಅದರ ಅರ್ಧದಷ್ಟು. ಜೆಟ್‌ನೊಳಗಿನ ಆಘಾತದ ಅಲೆಯ ಮುಂಚೂಣಿಯಲ್ಲಿ ಎಲೆಕ್ಟ್ರಾನ್‌ಗಳು ವೇಗ ಪಡೆದು, ಹಿಂದಕ್ಕೆ ಸರಿದಂತೆ ಬಲ ಕಳೆದುಕೊಂಡು ಗೊಂದಲದ ಕಾಂತಕ್ಷೇತ್ರಕ್ಕೆ ಬೀಳುತ್ತವೆ ಎಂಬ ಚಿತ್ರಕ್ಕೆ ಇದು ಸರಿಹೊಂದುತ್ತದೆ. 2023ರ ನವೆಂಬರ್‌ನಲ್ಲಿ ಐಎಕ್ಸ್‌ಪಿಇ ಏಳು ದಿನ ಬಿಎಲ್ ಲ್ಯಾಸರ್ಟೆಯನ್ನು ನೋಡಿತು, ಹೋಫ್‌ಮೈಸ್ಟರ್ ನಕ್ಷತ್ರವೆಂದುಕೊಂಡಿದ್ದ ಅದನ್ನೇ. ಗೋಚರ ಬೆಳಕಿನ ಧ್ರುವೀಕರಣ ಶೇ 47.5ಕ್ಕೇರಿತ್ತು, ಬ್ಲೇಜಾರ್‌ಗಳಲ್ಲಿ ಅಪರೂಪದ ಮಟ್ಟ. ಎಕ್ಸ್‌ರೇಯಲ್ಲಿ ಶೇ 7.6ಕ್ಕಿಂತ ಕಡಿಮೆ. ಈ ಬ್ಲೇಜಾರ್‌ನಲ್ಲಿ ಎಕ್ಸ್‌ರೇ ಎರಡನೆಯ ಗುಡ್ಡಕ್ಕೆ ಸೇರಿದ್ದು. ಪ್ರೋಟಾನ್‌ಗಳು ಸುರುಳಿ ಸುತ್ತಿ ಅದನ್ನು ಹೊಮ್ಮಿಸಿದ್ದರೆ ಧ್ರುವೀಕರಣ ಗೋಚರ ಬೆಳಕಿನ ಮಟ್ಟದಲ್ಲೇ ಇರಬೇಕಿತ್ತು. ಹಾಗಿಲ್ಲದ್ದರಿಂದ ಆ ಏಳು ದಿನಗಳ ಮಟ್ಟಿಗೆ ಎಕ್ಸ್‌ರೇ ಎಲೆಕ್ಟ್ರಾನ್‌ಗಳ ಕೆಲಸ ಎಂದು ಧೈರ್ಯವಾಗಿ ಹೇಳಬಹುದು. ಪ್ರೋಟಾನ್ ಅಲ್ಲಿಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಬೆಳಕಿನ ಲೆಕ್ಕದಲ್ಲಿ ಅದರ ಪಾಲು ಚಿಕ್ಕದು ಎಂದಷ್ಟೇ.

ಹಾಗಾಗಿಯೇ ನಾವು ನೋಡುವ ಕ್ರಮ ಬದಲಾಗಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ದೊಡ್ಡ ದೂರದರ್ಶಕಗಳ ಸಮಯ ದುಬಾರಿ. ಬ್ಲೇಜಾರ್ ಭುಗಿಲೆದ್ದಿದೆ ಎಂಬ ಸಂದೇಶ ಬಂದ ಮೇಲೆ ಅತ್ತ ತಿರುಗುವುದು ವಾಡಿಕೆ. ಭಾರತದಲ್ಲೂ ಇದೇ ರೂಢಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ ಕಟ್ಟಿದ ಏಳು ದೂರದರ್ಶಕಗಳ ಹಗಾರ್ ಕೂಟ 2010ರ ಫೆಬ್ರುವರಿಯಲ್ಲಿ ಮಾರ್ಕೇರಿಯನ್ 421ರ ದೊಡ್ಡ ಭುಗಿಲನ್ನು ಚೆನ್ನಾಗಿ ಹಿಡಿದಿತ್ತು. ಅದರ ಪಕ್ಕದಲ್ಲೇ ಭಾಭಾ ಪರಮಾಣು ಸಂಶೋಧನಾ ಕೇಂದ್ರದ 21 ಮೀಟರ್ ವ್ಯಾಸದ ಮೇಸ್ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಏಷ್ಯಾದಲ್ಲಿ ಈ ಬಗೆಯ ದೂರದರ್ಶಕಗಳಲ್ಲಿ ಅದೇ ದೊಡ್ಡದು. ಅಲ್ಲಿಯೇ ಇರುವ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ. ಗೋಚರ ಬೆಳಕು ಮತ್ತು ಗಾಮಾ ಎರಡನ್ನೂ ಒಂದೇ ಬೆಟ್ಟದಿಂದ ನೋಡುವ ಅವಕಾಶ ಜಗತ್ತಿನಲ್ಲಿ ಬಹಳ ಕಡೆ ಇಲ್ಲ. ನೇರಳಾತೀತ ಮತ್ತು ಎಕ್ಸ್‌ರೇ ಎರಡನ್ನೂ ಒಟ್ಟಿಗೆ ನೋಡಬಲ್ಲ ಇಸ್ರೋದ ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು, ಮಹಾವ್ಯಾಧನ ಬಳಿಯ ಆ ಹದಿಮೂರು ನ್ಯೂಟ್ರಿನೊಗಳು ಬಂದು ಮುಗಿದ ಆರು ತಿಂಗಳ ಮೇಲೆ. ನ್ಯೂಟ್ರಿನೊಗಳು ಬಂದ ಆ ಐದಾರು ತಿಂಗಳುಗಳಲ್ಲಿ ಎಕ್ಸ್‌ರೇ ದೂರದರ್ಶಕಗಳು ಆ ಬ್ಲೇಜಾರ್‌ನತ್ತ ಕಣ್ಣಿಟ್ಟ ದಾಖಲೆ ಹೆಚ್ಚೇನೂ ಇಲ್ಲ. ತಣ್ಣಗಿರುವ ಬ್ಲೇಜಾರನ್ನು ಯಾರು ನೋಡುತ್ತಾರೆ? ಪ್ರೋಟಾನ್‌ಗಳ ಲೆಕ್ಕ ಇತ್ಯರ್ಥವಾಗಬೇಕಿದ್ದ ಜಾಗದಲ್ಲೇ ದಾಖಲೆ ಖಾಲಿ.

ಬೇರೆ ರೀತಿ ನೋಡುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ 40 ಮೀಟರ್ ವ್ಯಾಸದ ರೇಡಿಯೊ ತಟ್ಟೆಯೊಂದು 2008ರಿಂದ ಸಾವಿರಕ್ಕೂ ಹೆಚ್ಚು ಬ್ಲೇಜಾರ್‌ಗಳನ್ನು ವಾರಕ್ಕೆ ಎರಡು ಬಾರಿ ಅಳೆಯುತ್ತಿದೆ, ಅವು ಉರಿದರೂ ಅಳೆಯುತ್ತದೆ, ಮಂಕಾಗಿದ್ದರೂ ಅಳೆಯುತ್ತದೆ. 2019ರ ಜುಲೈ 30ರಂದು ಐಸ್‌ಕ್ಯೂಬ್ ಸುಮಾರು 300 ಟೆರಾ ಎಲೆಕ್ಟ್ರಾನ್ ವೋಲ್ಟ್‌ನ ಇನ್ನೊಂದು ನ್ಯೂಟ್ರಿನೊ ಹಿಡಿದಾಗ, ಅದರ ದಿಕ್ಕಿನಲ್ಲಿ ಸಿಕ್ಕ ಬ್ಲೇಜಾರ್ ಪಿಕೆಎಸ್ 1502+106. ಗಾಮಾ ಕಿರಣದಲ್ಲಿ ಅದು ಅಂದು ಸುಮ್ಮನಿತ್ತು. ಬರೀ ಭುಗಿಲನ್ನು ಕಾಯುವವರು ಅದನ್ನು ಪಟ್ಟಿಯಿಂದ ಕೈಬಿಡುತ್ತಿದ್ದರು. ಓವೆನ್ಸ್ ಕಣಿವೆಯ ನಕ್ಷೆಯಲ್ಲಿ ಮಾತ್ರ ಅದರ ರೇಡಿಯೊ ಪ್ರಖರತೆ ವರ್ಷಗಳಿಂದ ಮೇಲೇರುತ್ತಾ ಬಂದು, ಆ ಹೊತ್ತಿಗೆ ಅಲ್ಲಿಯವರೆಗಿನ ದಾಖಲೆಯ ತುತ್ತತುದಿಯಲ್ಲಿತ್ತು.